ದಶಮಿಯ ನಮಸ್ಕಾರ

ಕೃಷ್ಣನಗರ,
ಬುಧವಾರ

ದೀದಿ,

ದಶಮಿಯ ನಮಸ್ಕಾರ ಅಂತ ನನ್ನ ಹೆಸರಲ್ಲಿ ಬಂದ ಮೇಲ್ ನಾನು ಕಳಿಸಿದ್ದಲ್ಲ. ನನ್ನ ಕಂಪ್ಯೂಟರಿಗೆ ಹೊಕ್ಕ ಟ್ರೋಜನ್ ಅನ್ನೋ ವೈರಸ್ ಅದನ್ನು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಜೊತೆಗಿದ್ದ ಫೈಲನ್ನು ತೆರೆದು ಕಂಪ್ಯೂಟರ್ ಕೆಡಿಸಿಕೊಂಡವಳು ನೀನೊಬ್ಬಳೇ.

ಭಾವ ಫೋನಿನಲ್ಲಿ ನಗುತ್ತಿದ್ದರು. "ಹಾರ್ಮೋನಿಯಂ ಯಾರಿಗೆ ಅಂತ ಜಗಳ ಆದಾಗಿಂದ ನಿನ್ನಕ್ಕ, ಕಿರಿಯಳೇ ಮೊದಲು ನಮಸ್ಕಾರ ಹೇಳ್ಬೇಕು ಅಂತ ಹಟ ಹಿಡಿದು ಕೂತಿದ್ಳು. ನಿನ್ನ ಹೆಸರು ಕಂಡಿದ್ದೇ ತಡ, ಕನ್ನಡಕಾನೂ ಹಾಕ್ಕೊಳ್ದೆ ಒತ್ತಿಬಿಟ್ಳು."

ಇಂಟರ್ನೆಟ್ ವೈರ್ ಕಿತ್ತಿಡೋಕೆ, ಬ್ಯಾಂಕಿನ ಪಾಸ್‌ವರ್ಡನ್ನು ತಮ್ಮ ಫೋನಿನಿಂದ ಬದಲಿಸೋಕೆ ಅವರಿಗೆ ಹೇಳಿದ್ದೇನೆ. ಉಳಿದದ್ದು ಮುಟ್ಟಬೇಡ. ನನ್ನದನ್ನು ಸ್ಕ್ಯಾನ್ ಮಾಡಿ ತೆಗೆದ ಹಾಗೆ ನಿನ್ನದನ್ನೂ ಭಾನುವಾರ ಬಂದು ತೆಗೆಯುತ್ತೇನೆ.

ತೆಂಗಿನಕಾಯಿ ಉಂಡೆ ಎತ್ತಿಡು. ಅಮ್ಮನ ಹಾರ್ಮೋನಿಯಂ ಧೂಳು ಒರೆಸಿಡು. ಒಯ್ಯೋಕಲ್ಲ, ನೀನು ನುಡಿಸು, ನಾನು ಹಾಡ್ತೀನಿ.

ನಿನ್ನ ಕಾಲಿಗೆ ನಮಸ್ಕಾರ,
ಈ ಸಲ ನಿಜವಾಗಿ ನಾನೇ,
ಕಾಕೊಲಿ