ಅವಲಕ್ಕಿಗೆ ಆಗದ ಧೂಪ

ಸೋಮವಾರ, ನವೆಂಬರ್ 10

ಮೊಮ್ಮಗಳು ಸ್ಫೂರ್ತಿ ಸಾಕಿರುವ ಬಿಳಿ ಇಲಿಯ ಮೂಗಿನಲ್ಲಿ ಇವತ್ತೂ ಕೆಂಪು. ಅದರ ಹೆಸರು ಅವಲಕ್ಕಿಯಂತೆ. ಜೀವಮಾನವಿಡೀ ಇಲಿಗೆ ಬೋನು ಇಟ್ಟವಳು ನಾನು, ಈಗ ಅದರ ಮೂಗು ಒರೆಸುತ್ತಿದ್ದೇನೆ. ರಕ್ತ ಎಂದು ಹುಡುಗಿ ಅತ್ತಳು.

ವಿನೋಬನಗರದ ದನದ ಡಾಕ್ಟರ ಹತ್ತಿರ ಹೋದೆವು. ಅವರು ಹತ್ತಿಯಲ್ಲಿ ಒರೆಸಿ ನೋಡಿದರು.

"ಇದು ರಕ್ತ ಅಲ್ಲ ಅಜ್ಜಿ, ಇಲಿ ಕಣ್ಣೀರೇ ಕೆಂಪು, ಅದು ಮೂಗಿಗೂ ಇಳಿಯುತ್ತೆ. ಮನೇಲಿ ಹೊಗೆ ಇರುತ್ತಾ?"

"ಬೀಡಿ ಸೇದೋಳ ಥರ ಕಾಣ್ತೀನೇನಪ್ಪ? ದಿನಾ ಪೂಜೆಗೆ ಧೂಪ ಹಾಕ್ತೀನಿ, ಅಷ್ಟೇ."

"ಅದೇ ಇದಕ್ಕೆ ಆಗ್ತಿಲ್ಲ."

ಸ್ಫೂರ್ತಿ ನನ್ನ ಮುಖ ನೋಡಿದಳು. ಪಂಜರವನ್ನು ದೇವರ ಕೋಣೆಯ ಬಾಗಿಲಲ್ಲಿ ಇಡಿಸಿದವಳೇ ನಾನು. ಇಲಿ ಜನ್ಮವಾದರೂ ನಾಲ್ಕು ಮಂತ್ರ ಕಿವಿಗೆ ಬೀಳಲಿ ಎಂದು.

ಮದುವೆಯಾದ ಮೇಲೆ ಮೊದಲ ಸಲ, ಅದೂ ಕಾರ್ತಿಕ ಸೋಮವಾರ, ಧೂಪವಿಲ್ಲದೆ ಪೂಜೆ ಮಾಡಿದೆ. ವಿಭೂತಿ, ಬಿಲ್ವಪತ್ರೆ, ದೀಪ. ಶಿವ ಏನೂ ಅನ್ನಲಿಲ್ಲ.

ಈಗ ಅವಲಕ್ಕಿ ನನ್ನ ಮಡಿಲಲ್ಲಿ ಕೂತು ಕಟಕಟ ಹಲ್ಲು ಮಸೆಯುತ್ತಿದೆ. ಮೂಗು ಒಣಗಿದೆ. ಖುಷಿಯಾದರೆ ಇಲಿಗಳು ಹಾಗೆ ಮಾಡುತ್ತವಂತೆ, ಸ್ಫೂರ್ತಿ ಹೇಳುತ್ತಾಳೆ. ನನ್ನ ಹಲ್ಲೆಲ್ಲ ಉದುರಿವೆ, ಇಲ್ಲದಿದ್ದರೆ ನಾನೂ ಮಸೆಯುತ್ತಿದ್ದೆ.