ಹಸಿರು ದಾರದ ತೇಪೆ

೧೮ ಜನವರಿ, ಸೋಮವಾರ

ನಮ್ಮ ಮನೆಯವರಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡಿ. ಹಗಲು ಅಂಗಡಿಯಲ್ಲಿ ಹೊಲಿಗೆ, ಸಂಜೆ ಕೆರೆ ದಂಡೆಯಲ್ಲಿ ಧರಣಿ; ಪೆನ್ನು ಹಿಡಿಯುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ವೆಲ್ಡಿಂಗ್ ಕಿಡಿ ಹಾರಿ ಜಾಕೆಟ್ ಮತ್ತೆ ಸುಟ್ಟಿದ್ದರೆ ಹೇಳಿ, ಹೋದ ಸಲದಂತೆ ತೇಪೆ ಹಾಕಿಕೊಡುತ್ತೇನೆ.

ನಮ್ಮ ಅಂಗಡಿಗೆ ಈಗ ನಿಮ್ಮ ಕಂಪನಿಯದೇ ಕೆಲಸ. ಎಣ್ಣೆ ಪೈಪು ಹಾಕುವವರಿಗೆಲ್ಲ ಕಿತ್ತಳೆ ಬಣ್ಣದ ಜಾಕೆಟ್. ಹಗಲೆಲ್ಲ ಅದನ್ನು ಹೊಲಿದು, ಉಳಿದ ತುಂಡುಗಳಲ್ಲೇ ಸಂಜೆ 'ಕೆರೆಯಡಿ ಪೈಪು ಬೇಡ' ಎಂದು ಬ್ಯಾನರ್ ಹೊಲಿಯುತ್ತೇನೆ. ಅಂಗಡಿ ಯಜಮಾನರು ನೋಡಿಯೂ ನೋಡದ ಹಾಗಿದ್ದಾರೆ. ಅವರ ಮನೆ ನಲ್ಲಿಗೂ ಅದೇ ಕೆರೆಯ ನೀರು ತಾನೇ.

ಕೊನೆಯ ಸಭೆಯಲ್ಲಿ ಕಂಪನಿಯ ಇಂಜಿನಿಯರು, "ಎಲ್ಲೋ ಅಪರೂಪಕ್ಕೆ ಒಂದು ತೊಟ್ಟು ಸೋರಬಹುದು, ಅಷ್ಟೇ" ಅಂದರು. ಕ್ಷೌರದಂಗಡಿಯವನು ಎದ್ದು, "ಸ್ವಾಮಿ, ಅದೇ ಒಂದು ತೊಟ್ಟು ನಿಮ್ಮ ಲೋಟಕ್ಕೆ ಹಾಕಿ ಕೊಡ್ತೀನಿ, ಕುಡೀತೀರಾ?" ಅಂದ. ಎಲ್ಲರೂ ನಕ್ಕರು, ಇಂಜಿನಿಯರೂ ನಕ್ಕರು. ಮರುವಾರ ಅನುಮತಿ ಬಂತು. ನಮ್ಮ ಅರ್ಜಿ, ಕೂಗು, ಅಳು ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಮೇಲಿನೂರಿನಲ್ಲಿ ಪೈಪು ಸೀಳಿ ಬಾವಿಗಳೆಲ್ಲ ಕೆಟ್ಟು, ಇವತ್ತಿಗೂ ಅಲ್ಲಿ ಲಾರಿ ನೀರೇ ಗತಿ. ಅದನ್ನು ಹೇಳಿದರೆ "ಅದು ಹಳೇ ಪೈಪು" ಅನ್ನುತ್ತಾರೆ. ಹೊಸದು ಹಳೆಯದಾಗುವುದೇ ಇಲ್ಲವೇನೋ! ಧರಣಿಯಲ್ಲಿ ದಿನದಿನಕ್ಕೆ ಜನ ಕಮ್ಮಿ. ನನಗೂ ಕೈಕಾಲು ಸೋತಿವೆ ರೀ. ನಾಳೆ ಬೆಳಿಗ್ಗೆ ಕೆರೆಗೆ ಯಂತ್ರ ಇಳಿಯುತ್ತದಂತೆ. ಇನ್ನು ಯಾರ ಕಾಲು ಹಿಡಿಯಬೇಕೋ ತಿಳಿಯದು.

ಕೆಲಸಕ್ಕೆ ಸೇರುವಾಗ ಹೊಸ್ತಿಲಲ್ಲಿ ನಿಂತು ನೀವು ಹೇಳಿದ್ದು ನೆನಪಿದೆ. "ಬೇರೆ ಕಡೆ ಹೊಟ್ಟೆಪಾಡಿಗೆ ಮಾಡ್ತೀನಿ ಕಣೇ. ನಮ್ಮ ಕೆರೆ ಹತ್ರ ಬಂದ ದಿನ ಕೆಲಸ ಬಿಟ್ಟು ನಿನ್ನ ಪಕ್ಕ ಬಂದು ಕೂರ್ತೀನಿ." ಈಗಿನ ಕಾಗದದಲ್ಲಿ, ನೀವಿರುವುದು ಪೈಪಿನ ಆ ತುದಿಯಲ್ಲಿ, ಇಲ್ಲಿಗೆ ಬರುವುದು ಬೇರೆ ತಂಡ ಎಂದಿದ್ದೀರಿ. ಆಗಲಿ.

ಅತ್ತೆಯ ವಿಷಯ ಹೇಳಬೇಕು. ಮರೆವು ಹೆಚ್ಚಾಗಿದೆ. "ನಿಮ್ಮ ಮಗ ಪೈಪು ಬೆಸೀತಾ ಬೆಸೀತಾ ಮನೆಗೇ ಬರ್ತಾರೆ" ಎಂದು ಒಮ್ಮೆ ತಮಾಷೆ ಮಾಡಿದ್ದೆ. ಅದೊಂದನ್ನು ಮಾತ್ರ ಮರೆತಿಲ್ಲ. ಜೇಬು ಸೊಟ್ಟಗಾಯಿತೆಂದು ಒಂದು ಜಾಕೆಟ್ ಮನೆಗೆ ತಂದಿಟ್ಟಿದ್ದೆ. ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ಅದನ್ನು ತೊಟ್ಟು ಕೆರೆ ಪಕ್ಕದ ಕಂಪನಿಯ ಗೇಟಿಗೆ ಹೋಗಿದ್ದಾರೆ. ಕಿತ್ತಳೆ ಬಣ್ಣ ಕಂಡದ್ದೇ ಕಾವಲುಗಾರ, ಕಸ ಗುಡಿಸುವವರಿರಬೇಕೆಂದು ಒಳಗೆ ಬಿಟ್ಟಿದ್ದಾನೆ. ಇಷ್ಟು ತಿಂಗಳಿಂದ ನಾವ್ಯಾರೂ ದಾಟಲಾಗದ ಗೇಟು! ಸಂಜೆ ಅವನೇ ಕೈಹಿಡಿದು ಧರಣಿಯ ಜಾಗಕ್ಕೆ ಕರೆತಂದ.

"ಮಗನ್ನ ನೋಡ್ದೆ" ಅಂದರು ಅತ್ತೆ. "ಮುಖಕ್ಕೆ ಕಪ್ಪು ತಟ್ಟೆ ಹಾಕ್ಕೊಂಡಿದ್ದ. ಎಷ್ಟು ಕರೆದ್ರೂ ತೆಗೀಲಿಲ್ಲ, ಮಾತೂ ಆಡ್ಲಿಲ್ಲ." ಧರಣಿಯವರೆಲ್ಲ ನಕ್ಕರು. ನಾನೂ ನಕ್ಕು, "ಅತ್ತೆ, ಅಲ್ಲಿ ಎಲ್ರೂ ಹಾಗೇ ಕಾಣ್ತಾರೆ" ಅಂದೆ.

ಬೆಂಕಿಯೆದುರಿನ ಕೆಲಸ, ಕಣ್ಣು ಜೋಪಾನ. ಎಲ್ಲೇ ಇದ್ದರೂ ನಿಮಗೆ ಕುಡಿಯುವ ನೀರು ತಿಳಿಯಾಗಿ ಸಿಗಲಿ.

ಇಂತಿ,
ನನ್ನ ನಾಲಿಗೆಗೆ ಹೆದರಿ ನೀವೇ ಹೆಸರಿಟ್ಟ
ಸೂಜಿ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ, ಅದೇ ಕಾವಲುಗಾರನ ಕೈಗೆ ಕೊಡುತ್ತೇನೆ. ಕೂಗಳತೆಯ ದೂರಕ್ಕೆ ಅಂಚೆಚೀಟಿ ಯಾಕೆ ದಂಡ? ಅತ್ತೆ ಮರಳಿ ಬಂದಾಗ ಮೈಮೇಲೆ ಇನ್ನೊಂದು ದೊಡ್ಡ ಜಾಕೆಟ್ ಇತ್ತು. ಚಳಿಗೆ ನಡುಗುವುದನ್ನು ನೋಡಲಾರದೆ ಯಾರೋ ತಮ್ಮದನ್ನು ಬಿಚ್ಚಿ ಹೊದಿಸಿದ್ದರು. ಮಡಿಸಿಡುವಾಗ ಕಂಕುಳಲ್ಲಿ ಹಸಿರು ದಾರದ ತೇಪೆ ಕಂಡಿತು. ಕಿತ್ತಳೆ ದಾರ ಮುಗಿದಿದೆಯೆಂದು ಹಸಿರು ಹಾಕಿ, ನಿಮ್ಮಿಂದ ಬೈಸಿಕೊಂಡವಳು ನಾನೇ ಅಲ್ಲವೇ? ಅತ್ತೆಯ ಬುದ್ಧಿ ನೆಟ್ಟಗಿತ್ತು. ನಕ್ಕ ನಾವೇ ಮರುಳರು. ಹೆತ್ತವಳಿಗೆ ಜಾಕೆಟ್ ಹೊದಿಸಿದಿರಿ, ಮುಖ ಮಾತ್ರ ತೋರಿಸಲಿಲ್ಲ. ನಾಳೆ ಬೆಳಿಗ್ಗೆ ಅದೇ ಜಾಕೆಟ್ ತೊಟ್ಟು ಯಂತ್ರದ ಮುಂದೆ ಕೂರುತ್ತೇನೆ. ಪಕ್ಕದಲ್ಲಿ ನಿಮ್ಮ ಜಾಗ ಖಾಲಿ ಇಟ್ಟಿರುತ್ತೇನೆ. ನೀವು ಬಂದು ಎಬ್ಬಿಸುವವರೆಗೂ ಏಳುವುದಿಲ್ಲ.