ಗೈರುಹಾಜರಾದವರ ಒಪ್ಪಿಗೆ

ಗದಗ, ಫೆಬ್ರವರಿ 30, 2191

ಎರಡು ಸಾವಿರದ ಇಪ್ಪತ್ತರ ದಶಕದ ಓದುಗರೇ,

ಕಳೆದ ಸೋಮವಾರ ನಮ್ಮ ವಾರ್ಡಿನ ಸಭೆ, ಜ್ವರ ಬಂದು ಮನೆಯಲ್ಲಿ ಮಲಗಿದ್ದ ಒಬ್ಬ ಹೆಂಗಸಿನ ಒಪ್ಪಿಗೆಯನ್ನು ಅವರನ್ನು ಕೇಳದೆಯೇ ಎಣಿಸಿಕೊಂಡಿತು. ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳಿಗೆಲ್ಲ ಮೂವತ್ತೇ ದಿನ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಹಿಂದೊಮ್ಮೆ ಏಕಸ್ವರದವರು ಎಂಬ ಪಕ್ಷ ನಮ್ಮೂರನ್ನು ಹತ್ತೊಂಬತ್ತು ವರ್ಷ ಆಳಿತು. ಅಷ್ಟೂ ವರ್ಷ ಯಾವ ಠರಾವಿಗೂ ಒಂದು ವಿರೋಧ ಮತ ಬೀಳಲಿಲ್ಲ. ಅವರು ಬಿದ್ದ ಮೇಲೆ ನಮ್ಮ ಅಜ್ಜಿಯರ ತಲೆಮಾರು ಪ್ರತಿ ಸಭೆಯಲ್ಲೂ ಒಂದು ‘ಬೇಡಗುರ್ಚಿ’ ಇಡಿಸಿತು. ಸರದಿಯಂತೆ ಅದರಲ್ಲಿ ಕೂತವರು, ತಮಗೆ ಇಷ್ಟವಿದ್ದರೂ, ಪ್ರತಿ ಠರಾವಿಗೂ ಬೇಡ ಎಂದು ಕಾರಣ ಹೇಳಲೇಬೇಕು. ಅದನ್ನು ಕೇಳಿಸಿಕೊಂಡ ಮೇಲೆಯೇ ಉಳಿದವರು ಕೈ ಎತ್ತುವುದು. ಬೀದಿದೀಪಕ್ಕೂ ಇದೇ ಪದ್ಧತಿ, ಬಿಸಿಲುಚಪ್ಪರಕ್ಕೂ ಇದೇ. ಬಿಸಿಲುಚಪ್ಪರವೆಂದರೆ ಬೇಸಗೆಯಲ್ಲಿ ಓಣಿಗೆ ಓಣಿಯೇ ಹೊದ್ದುಕೊಳ್ಳುವ ಬಟ್ಟೆಯ ಮಾಡು. ಸಭೆ ಉದ್ದವಾಗುತ್ತದೆ, ಚಹಾ ಆರುತ್ತದೆ, ಮಂದಿ ಗೊಣಗುತ್ತಾರೆ.

ಈ ಸಲದ ಸರದಿ ನಿವೃತ್ತ ಶಿಕ್ಷಕಿ ಮಾಬೂಬಿ ನದಾಫರದು. ಜ್ವರದಿಂದ ಅವರಿಗೆ ಬರಲಾಗಲಿಲ್ಲ. ಸಭೆ ಮುಂದೂಡುವ ಬದಲು ಅಧ್ಯಕ್ಷ ವೀರಬಸಪ್ಪ ಬಾರಕೇರ ಬೇಡಗುರ್ಚಿಯನ್ನೇ ತೆಗೆದುಹಾಕುವ ಠರಾವು ಮಂಡಿಸಿದರು.

“ಅಕ್ಕಾರು ಬಂದಿಲ್ಲ. ಬ್ಯಾಡ ಅನ್ನಾವ್ರ ಇಲ್ಲ ಅಂದಮ್ಯಾಲ ಎಲ್ಲಾರೂ ಹೂಂ ಅಂದಂಗ ಆತಲ್ರೀ.”

“ಹೆಂಡ್ತಿ ತೌರಿಗೆ ಹೋದಾಗೂ ಹಿಂಗ ಲೆಕ್ಕ ಹಿಡೀತೀರೇನ್ರಿ ಅಧ್ಯಕ್ಷರ?” ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಗುತ್ತಲೇ ಕೈ ಎತ್ತಿದರು.

ನಾನು ಎದ್ದು ನಿಂತೆ. 1933ರಲ್ಲಿ ಜರ್ಮನಿಯ ಸಂಸತ್ತು ತನ್ನ ಅಧಿಕಾರವನ್ನು ತಾನೇ ಒಪ್ಪಿಸಿಕೊಟ್ಟಾಗ ಎಷ್ಟೋ ಸದಸ್ಯರು ಬಂಧನದಲ್ಲಿದ್ದರು. ಗೈರುಹಾಜರಾದವರನ್ನೂ ಹಾಜರೆಂದು ಎಣಿಸಲು ನಿಯಮ ತಿದ್ದಿಕೊಂಡಿದ್ದರು ಎಂದೆ. ಅದಕ್ಕೂ ಹತ್ತು ವರ್ಷ ಮೊದಲು ಇಟಲಿಯಲ್ಲಿ, ಕಾಲು ಭಾಗ ಮತ ಪಡೆದು ಮುಂದಿರುವ ಪಕ್ಷಕ್ಕೆ ಮೂರರಲ್ಲಿ ಎರಡು ಪಾಲು ಸ್ಥಾನ ಕೊಡುವ ಕಾನೂನಿಗೂ ಸಂಸತ್ತೇ ಒಪ್ಪಿತ್ತು ಎಂದೆ.

“ಜರ್ಮನಿ ಸುದ್ದಿ ಜರ್ಮನ್ಯಾಗ ಇರ್ಲಿ, ಕಾಕಾ. ನಮ್ಮದು ನಳದ ನೀರಿನ ಮಾತು. ಕುಂದರ್ರಿ,” ಎಂದರು ಅಧ್ಯಕ್ಷರು.

ಠರಾವು ಪಾಸಾಯಿತು, ಗುರ್ಚಿ ಹೋಯಿತು. ನಳದ ನೀರಿನ ಮಾತೇ ಹೌದು. ಕಡಲು ಊರುಗಳನ್ನು ನುಂಗಿದಾಗ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರ ಬಾಗಿಲಿಗೆ ನೀಲಿ ಪಟ್ಟಿ ಬಳಿಯಬೇಕು, ಅವರಿಗೆ ಎಲ್ಲರ ನಂತರ ನೀರು ಬಿಡಬೇಕು: ಇದು ಬರುವ ಸೋಮವಾರದ ಠರಾವು. ಬರೀ ಗುರುತಿಗೆ ಎನ್ನುತ್ತಾರೆ. ಸಭೆಯನ್ನು ಒಂದು ವಾರ ಮುಂದೂಡಿದ್ದರೆ ಆ ಗುರ್ಚಿಯಲ್ಲಿ ಕೂತು ಅದಕ್ಕೆ ಬೇಡ ಎನ್ನುತ್ತಿದ್ದವರು ಮಾಬೂಬಿಯೇ. ನೋಡಲು ಹೋದರೆ ನನ್ನನ್ನೇ ಬೈದರು: “ನಾ ಮಲಗಿದ್ನಿ, ಸತ್ತಿದ್ದಿಲ್ಲ. ಒಂದು ವಾರ ತಡದಿದ್ರ ಯಾರ ಗಂಟು ಹೋಗ್ತಿತ್ತು?”

ಏಕಸ್ವರದವರು ಆಕಾಶದಿಂದ ಇಳಿದವರಲ್ಲ. ನಿಮ್ಮ ಸಂಘ, ಸೊಸೈಟಿ, ಸಮಿತಿಗಳ ವರದಿಗಳನ್ನು ಓದಿದ್ದೇನೆ. ಪುಟಪುಟದಲ್ಲೂ ‘ಸರ್ವಾನುಮತದಿಂದ’ ಎಂದಿದೆ. ಅಷ್ಟೊಂದು ಮನಸ್ಸುಗಳು ಅಷ್ಟು ಸಲ ಒಂದೇ ಆಗಿದ್ದವೆ? ನಿಮ್ಮ ಸಭೆಗಳಿಗೆ ಬರದಿದ್ದರೂ ಒಪ್ಪಿದರೆಂದು ನೀವು ಎಣಿಸಿಕೊಂಡವರು ಯಾರು? ಯಾವ ಮಾತಿಗೆ? ನನಗೊಬ್ಬನಿಗೆ ಗುಟ್ಟಾಗಿ ಹೇಳಿದರೆ ಸಾಲದು. ನಿಮ್ಮೂರ ಪತ್ರಿಕೆಯಲ್ಲಿ ಹೆಸರು ಹಾಕಿ ಅಚ್ಚು ಮಾಡಿಸಿ. ಆ ಪತ್ರಿಕೆಗಳು ನಮ್ಮ ವಾಚನಾಲಯದಲ್ಲಿ ಉಳಿದಿವೆ. ನೀವು ಇಂದು ಬರೆದರೆ ಸೋಮವಾರ ನಾನು ಎದ್ದು ನಿಂತು ಓದಬಲ್ಲೆ. ಉತ್ತರ ಕೊಡಿ.

ಪರಪ್ಪ ಕೊಣ್ಣೂರ